ಬದು ಹುಡುಕುವ ಗದ್ದೆಪ್ಪ

ನಮ್ಮ ಸೀಮೆಯ ಹೊಲ-ಗುಡ್ಡಗಳ ಚಿತ್ರಗಳನ್ನು ಲಿಂಗಸುಗೂರಿನ ಮ್ಯೂಸಿಯಂನಲ್ಲಿ ತೂಗುಹಾಕಿದಾಗಿನಿಂದ, ಸಂತೆಕಲ್ಲೂರಿನ ಗದ್ದೆಪ್ಪ ಬಾಗಿಲು ಕಾಯುವ ನನ್ನ ತಲೆ ತಿನ್ನುತ್ತಿದ್ದಾನೆ. ಬಣ್ಣ ಹೇಗಿದ್ದರೂ ಅವನಿಗೇನು? ಯಾವ ಚಿತ್ರದ ಮುಂದೆ ನಿಂತರೂ ಮೊದಲ ಮಾತು, “ಇದು ಯಾರ ಹೊಲಾರೀ?” ಎರಡನೆಯದು, “ಬದು ಎಲ್ಲೈತಿ?” ಬರೀ ಮೋಡ ಬರೆದಿದ್ದರೆ ಅದರಲ್ಲೂ ಗಡಿಕಲ್ಲು ಹುಡುಕುವ ಆಸಾಮಿ. “ಲೇ ಹುಲಿಗೇಶ, ಹಿಂಗ ಬದು ಬಿಟ್ಟು ಬರದ್ರ ನಾಳೆ ಊರಾಗ ಬಡದಾಟ ಆಗ್ತೈತಿ” ಎಂದು ಚಿತ್ರ ಬರೆದವನನ್ನೇ ಗದರುತ್ತಾನೆ. “ಕಾಕಾ, ಇದು ಚಿತ್ರ, ಸರ್ವೇ ನಕ್ಷೆ ಅಲ್ಲ” ಎಂದು ಹುಲಿಗೇಶ ನಕ್ಕರೆ ಇನ್ನಷ್ಟು ರೇಗುತ್ತಾನೆ. ಒಂದು ಬದುವಿನ ಸಲುವಾಗಿ ಬೆನ್ನಿಗೆ ಬಿದ್ದ ತಮ್ಮ ಬಸ್ಸಪ್ಪನ ಜೊತೆ ಮಾತು ಬಿಟ್ಟವನು, ಹೋದ ವರ್ಷ ಆ ತಮ್ಮ ಸತ್ತರೆ ಮಣ್ಣಿಗೂ ಹೋಗಲಿಲ್ಲ. ಅಂಥವನು ನಿನ್ನೆ ಮೂಲೆಯ ಜೋಳದ ಹೊಲದ ಚಿತ್ರದ ಮುಂದೆ ನಿಂತು ಏನೂ ಕೇಳಲಿಲ್ಲ. ಅದರಲ್ಲಿ ಈ ಅಣ್ಣ-ತಮ್ಮಂದಿರ ಹೊಲ ಎರಡೂ ಬದುವಿಲ್ಲದೆ ಒಂದೇ ಆಗಿ ತೆನೆ ತೂಗುತ್ತಿದ್ದವು. ಹುಲಿಗೇಶನೇ ಬ್ರಷ್ ಹಿಡಿದು ಬಂದು, “ತೋರಸ್ರಿ ಕಾಕಾ, ಬದು ಎಲ್ಲಿ ಹಾಕ್ಲಿ?” ಎಂದ. ಗದ್ದೆಪ್ಪ ತೋರಿಸಲು ಬೆರಳೆತ್ತಿದ, ಬಹಳ ಹೊತ್ತು ಹಾಗೇ ಹಿಡಿದು ಇಳಿಸಿದ. “ಬ್ಯಾಡಪಾ, ಹಂಗ ಇರ್ಲಿ. ನಮ್ಮ ಬಸ್ಸ್ಯಾ ಇದನ್ನ ನೋಡಬೇಕಿತ್ತು.”