ಹೆಬ್ಬೆಟ್ಟಿನ ಮೇಲೆ ನಾನು ಬರೆದದ್ದು

ಸಣ್ಣಮ್ಮಕ್ಕ, ನಿನ್ನ ಹೆಬ್ಬೆಟ್ಟು ಒತ್ತಿಸಿದ ಆ ಹಾಳೆಯಲ್ಲಿ ನೀನು ಹೇಳಿದ್ದನ್ನು ನಾನು ಬರೆದಿರಲಿಲ್ಲ. ಅದರ ಉಲ್ಟಾ ಬರೆದಿದ್ದೆ. ಓದಿ ಹೇಳುವಾಗ ಮಾತ್ರ ನೀನು ಹೇಳಿದ್ದನ್ನೇ ಓದಿದಂತೆ ನಟಿಸಿದೆ.

ಆರು ವರ್ಷವಾಯಿತು. ನಮ್ಮೂರು ಹಂಪಾಪುರದ ಬಸ್ ಸ್ಟ್ಯಾಂಡಿನಲ್ಲಿ ನೀನು ಈಗಲೂ ಜನರಿಗೆ ಹೇಳುತ್ತೀಯ— "ನಮ್ ಮಾದೇವ ಎಲ್ಲಾನೂ ಬರ್ದವ್ನೆ ಕಣ್ರೀ, ಗೌರ್ಮೆಂಟ್‌ನೋರೇ ಕಣ್ಣೆತ್ತಿ ನೋಡ್ನಿಲ್ಲ." ಪಕ್ಕದಲ್ಲೇ ನಿಂತು ನಾನು ತಲೆಯಾಡಿಸಿದ್ದೇನೆ. ಥೂ.

ನಮ್ಮ ಕೇರಿಯಲ್ಲಿ ಮೊದಲು ಡಿಗ್ರಿ ಮುಗಿಸಿದವನು ನಾನು. ಬೆಳಗಿನ ಜಾವ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಸೌದೆ ಒಟ್ಟಿ, ಅದೇ ಹೊಗೆ ವಾಸನೆಯಲ್ಲಿ ಕಾಲೇಜಿಗೆ ಹೋದವನು. ಕೊಡಗಿನ ಕಾಫಿ ತೋಟದಲ್ಲಿ ರೈಟರ್ ಕೆಲಸ ಸಿಕ್ಕಿತು— ಆಳುಗಳ ಹಾಜರಿ ಬರೆದು ಕೆಲಸ ಹಂಚುವುದು. ನಿನ್ನನ್ನೂ ನಿನ್ನ ಗಂಡ ಸಿದ್ದಯ್ಯ ಭಾವನನ್ನೂ ಊರಿಂದ ಕರೆದೊಯ್ದವನು ನಾನೇ. ಅಲ್ಲಿ ನನ್ನನ್ನು 'ಮಾದೇವ' ಅನ್ನಬೇಡ, 'ರೈಟ್ರೇ' ಅನ್ನು ಎಂದೆ. ನಕ್ಕು ಹಾಗೇ ಅಂದೆ ನೀನು.

ಆ ಬೇಸಿಗೆಯಲ್ಲಿ ಮಾಲೀಕರು ಹೊಸ ದಾರಿ ಬೇಕೆಂದರು. ಗುಡ್ಡದ ಬುಡವನ್ನು ನಾನೇ ನಿಂತು ಜೆಸಿಬಿಯಿಂದ ಕಡಿಸಿದೆ. ಆಳುಗಳು ಸಾಲಾಗಿ ಇರುತ್ತಿದ್ದ ಲೈನ್ ಮನೆ ಅದರ ನೆತ್ತಿಯ ಮೇಲಿತ್ತು. ಮಳೆ ಹಿಡಿದ ಮೇಲೆ ನೀನು ನನ್ನ ಹತ್ತಿರ ಬಂದೆ.

"ರೈಟ್ರೇ, ಮನೆ ನೆಲ ಸೀಳ್ಕಂಡದೆ. ವಾರ ವಾರ ಸಗಣಿ ಹಾಕಿ ಸಾರುಸ್ತೀನಿ, ತಿರ್ಗಾ ಅದೇ ಜಾಗದಲ್ಲೇ ಬಾಯ್ ಬುಡ್ತದೆ. ಮೊದ್ಲು ಪೊರಕೆಕಡ್ಡಿ ಓಯ್ತಿತ್ತು, ಈಗ ಕೈಬೆಳ್ಳೇ ಓಯ್ತದೆ. ಗುಡ್ಡ ಜಾರ್ತಾ ಅದೆ ಕಣಪ್ಪ."

"ಓದಿರೋನು ನಾನೋ ನೀನೋ? ಸಗಣಿಗೆ ಇನ್ನೊಂದಿಷ್ಟು ಮಣ್ಣು ಕಲಸಿ ಸಾರ್ಸೋಗಕ್ಕ."

"ನಿನ್ ಡಿಗ್ರಿ ಕಾಗ್ದನೇ ಕೊಡು, ಮೆತ್ತುತೀನಿ. ಅದಾದ್ರೂ ನಿಂತ್ಕತ್ತದೇನೋ."

ಸುತ್ತ ನಿಂತ ಆಳುಗಳು ನಕ್ಕರು. ಆ ನಗುವಿಗೆ— ಅಷ್ಟಕ್ಕೇ— ನನಗೆ ಹಟ ಬಂತು. ರಸ್ತೆಯಾಚೆ ಸಮತಟ್ಟು ಜಾಗದಲ್ಲಿ ಖಾಲಿ ಗೋಡೌನ್ ಇತ್ತು. ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ನಿಮ್ಮನ್ನೆಲ್ಲ ಅಲ್ಲಿಗೆ ಸಾಗಿಸಲು ಯಾರನ್ನೂ ಕೇಳಬೇಕಿರಲಿಲ್ಲ. ಬೀಗ ತೆಗೆಯಲಿಲ್ಲ.

ಮೂರನೆಯ ದಿನ ಬೆಳಿಗ್ಗೆ, ಎಲ್ಲರೂ ಹಾಜರಿಗೆ ಬಂದು ನಿಂತಿದ್ದಾಗ, ಗುಡ್ಡ ಲೈನನ್ನು ಹೊತ್ತುಕೊಂಡು ಕೆಳಗಿಳಿಯಿತು. ಜ್ವರ ಬಂದು ಒಳಗೆ ಮಲಗಿದ್ದವನು ಸಿದ್ದಯ್ಯ ಭಾವ ಒಬ್ಬನೇ. ಎರಡು ದಿನ ಅಗೆದರು.

ಸರ್ಕಾರದಿಂದ ವಿಚಾರಣೆಗೆ ಬಂದವರು, "ನೀವು ಓದಿದವರು, ಇವರ ಹೇಳಿಕೆ ಬರೆದುಕೊಡಿ" ಎಂದು ನನ್ನ ಕೈಗೇ ಹಾಳೆ ಕೊಟ್ಟು ಕುಸಿದ ಜಾಗ ನೋಡಲು ಹೋದರು. ನೀನು ಅಳದೆ, ಒಂದೊಂದಾಗಿ ಹೇಳಿದೆ— ಕಡ್ಡಿ, ಬೆರಳು, ನನ್ನ ಮಾತು. ನಾನು ಬರೆದೆ: 'ಮುಂಚಿತವಾಗಿ ಯಾವುದೇ ಬಿರುಕು ಕಂಡಿರುವುದಿಲ್ಲ.' ದುಂಡಗೆ, ಒಂದೂ ತಪ್ಪಿಲ್ಲದೆ. ಓದಿ ಹೇಳಿದ ಮೇಲೂ, ಬೆರಳಿಗೆ ಶಾಯಿ ಹಚ್ಚುವಾಗ ಮತ್ತೆ ಕೇಳಿದೆ ನೀನು:

"ನೆಲ ಸೀಳಿದ್ದು ಬರ್ದ್ಯಾ, ಮಾದೇವ?"

ಅಂದು ರೈಟ್ರೇ ಅನ್ನಲಿಲ್ಲ.

"ಬರ್ದಿವ್ನಿ ಕಣಕ್ಕ."

ಮಳೆಗಾಲ ಬಂದರೆ ಟೀವಿಯಲ್ಲಿ ಯಾವುದೋ ಗುಡ್ಡ ಕುಸಿದದ್ದು ತೋರಿಸುತ್ತಾರೆ. ಪ್ರಕೃತಿ ಮುನಿಯಿತು ಅನ್ನುತ್ತಾರೆ. ಮೈ ಉರಿಯುತ್ತದೆ. ಪ್ರಕೃತಿ ಜೆಸಿಬಿ ತಂದಿತೇ? ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಿತೇ? ಆ ಮಾಲೀಕರ ಮೇಲೂ ಸಿಟ್ಟಿದೆ, ಸುಳ್ಳಲ್ಲ. ಆದರೆ ಹಾಗೆ ಬರಿ ಎಂದು ಅವರು ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ. ನಮ್ಮಪ್ಪನಿಗೆ ತನ್ನ ಹೆಸರು ಬರೆಯಲೂ ಬಾರದು. ಅವನು ಹೊಟ್ಟೆ ಕಟ್ಟಿ ಕಲಿಸಿದ ಅಕ್ಷರದಲ್ಲಿ ನಾನು ಮಾಡಿದ್ದು ಇದು.

ಈಗ ಇನ್ನೊಂದು ಹಾಳೆ ಬರೆದಿದ್ದೇನೆ. ನೀನು ಹೇಳಿದ್ದು, ನಾನು ಅಂದದ್ದು, ಬೀಗದ ಕೈ— ಎಲ್ಲ. ವಿಚಾರಣೆ ಮಾಡಿದ ಕಚೇರಿಗೇ ಕೊಡುತ್ತೇನೆ. ಅದಕ್ಕೆ ಮುಂಚೆ ನಿನ್ನ ಜಗಲಿಗೆ ತರುತ್ತೇನೆ. ಓದುವುದು ನಾನಲ್ಲ. ಶಾಲೆ ಕಲಿತ ನಿನ್ನ ಮಗಳು ಓದಲಿ, ಎರಡು ಸಲ. ಹೆಬ್ಬೆಟ್ಟು ಒತ್ತುತ್ತೀಯೋ, ನನ್ನ ಮುಖಕ್ಕೆ ಉಗಿಯುತ್ತೀಯೋ ಆಮೇಲೆ ನೋಡು. ನನ್ನ ಸಹಿ ಆಗಲೇ ಹಾಕಿಯಾಗಿದೆ.