ಅವ್ವನಿಗೆ ಕೇಳಿಸಿದ ತಗ್ಗು

ಮಗಳು ಹುಟ್ಟಿ ನಾಲ್ಕನೆಯ ದಿನಕ್ಕೆ ನನಗೆ ನನ್ನದೇ ಭಯ ಶುರುವಾಯಿತು. ಮನೂರಿನ ನಮ್ಮ ತವರುಮನೆಯ ಅಂಗಳದಲ್ಲಿ ನೀರಿನ ಸಂಪು ಇದೆ. ಕೂಸನ್ನು ಎತ್ತಿಕೊಂಡು ಅದರ ಪಕ್ಕ ಹಾಯುವಾಗ, ಇದನ್ನು ಒಳಗೆ ಹಾಕಿಬಿಟ್ಟರೆ ಎಂಬ ಮಾತು ತಲೆಯೊಳಗೆ ತಾನಾಗಿ ಬಂತು. ಹಾಕುವ ಮನಸ್ಸು ಚೂರೂ ಇರಲಿಲ್ಲ. ಆದರೂ ಕೂಸನ್ನು ಅವ್ವನ ತೊಡೆಗೆ ಹಾಕಿ ಒಳಗೆ ಓಡಿದೆ. ಅಂದಿನಿಂದ ಹಾಲು ಕುಡಿಸುವುದಕ್ಕಷ್ಟೇ ಮುಟ್ಟುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಬಾಣಂತಿಗೆ ಗಾಳಿ ಬಡಿದಿದೆ ಎಂದು ತಾಯತ ಕಟ್ಟುತ್ತಾರೆ, ಕೂಸನ್ನು ಕಸಿದುಕೊಂಡು ನನ್ನನ್ನು ಹುಚ್ಚಿ ಮಾಡುತ್ತಾರೆ ಎಂದು ಜೀವ ಹಿಡಿಯಷ್ಟಾಗಿತ್ತು.

ಹತ್ತನೆಯ ದಿನ ನನ್ನ ಅಳು ನೋಡಲಾರದೆ ಅವ್ವ ಜಹೀರಾಬಾದಿಗೆ ಡಾಕ್ಟರಮ್ಮನ ಹತ್ತಿರ ಕರೆದೊಯ್ದಳು. ಡಾಕ್ಟರಮ್ಮ ತೆಲುಗಿನಲ್ಲಿ ಬಿಡಿಸಿ ಹೇಳಿದರು. ಬಸುರಿನಲ್ಲಿ ತಿಂಗಳಿಂದ ತಿಂಗಳಿಗೆ ಏರುತ್ತ ಹೋದ ಹಾರ್ಮೋನುಗಳು ಹೆರಿಗೆಯಾಗಿ ಮಾಸು ಬಿದ್ದ ಎರಡು ಮೂರು ದಿನದಲ್ಲೇ ಧಡಕ್ಕನೆ ಇಳಿಯುತ್ತವಂತೆ, ಅದರ ಜೊತೆಗೆ ಮನಸ್ಸೂ ಕುಸಿಯುವುದುಂಟಂತೆ. ಕೂಸಿನ ಬಗ್ಗೆ ಕೆಟ್ಟ ಯೋಚನೆ ಬರುತ್ತದೆಯೇ ಎಂದೂ ಕೇಳಿದರು. ಇಲ್ಲ ಎಂದುಬಿಟ್ಟೆ.

ಅವ್ವ ಬೀದರ್ ಕಡೆಯವಳು. ಮದುವೆಯಾಗಿ ತೆಲಂಗಾಣದ ಈ ಊರಿಗೆ ಬಂದು ಮೂವತ್ತು ವರ್ಷವಾದರೂ ಅವಳ ತೆಲುಗು ಸಂತೆ ದಾಟಿಲ್ಲ. ಡಾಕ್ಟರಮ್ಮ ‘ತಗ್ಗಿಪೋಯಾಯಿ’, ಅಂದರೆ ಇಳಿದುಹೋಗಿವೆ, ಅಂದದ್ದರಲ್ಲಿ ಅವಳಿಗೆ ಕೇಳಿಸಿದ್ದು ನಮ್ಮ ಕನ್ನಡದ ತಗ್ಗು, ಗುಂಡಿ. ಕೂಸನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದವಳೇ ಮುಖ ಬಾಡಿಸಿಕೊಂಡು, "ಹೊಟ್ಟ್ಯಾಗ ತಗ್ಗು ಬಿದ್ದದಂತಲ್ಲವ್ವ, ಹೊಲಿಗಿ ಹಾಕ್ತಾರೇನು?" ಅಂದಳು.

ನಗು ಬಂತು. ಹೆರಿಗೆಯಾದ ಮೇಲೆ ಅದೇ ಮೊದಲು. ಆ ನಗು ಅರ್ಧದಲ್ಲೇ ಅಳುವಾಗಿ, ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಇಷ್ಟು ದಿನ ಹಲ್ಲು ಕಚ್ಚಿ ಇಟ್ಟುಕೊಂಡದ್ದು ಬಾಯಿಗೆ ಬಂದೇಬಿಟ್ಟಿತು.

"ಅವ್ವಾ, ಕೂಸಿನ್ನ ನನ್ನ ಕೈಯಾಗ ಕೊಡಬ್ಯಾಡ. ನಾ ಏನರ ಮಾಡ್ತೀನಂತ ಅಂಜಿಕಿ ಬರ್ತದ."

ಅವ್ವ ಹೆಗಲ ಮೇಲಿನ ಕೂಸನ್ನು ಎದೆಗೆ ಒತ್ತಿಕೊಂಡಳು. ಮುಗಿಯಿತು, ಕೂಸು ನನ್ನಿಂದ ಹೋಯಿತು ಅಂದುಕೊಂಡೆ.

"ಇಷ್ಟು ದಿನ ಯಾಕ ಹೇಳಲಿಲ್ಲ? ನಾ ಏನ್ ಸತ್ತಿದ್ದೆನೇನು?" ಎಂದು ಬೈದು, ನನ್ನ ರಟ್ಟೆ ಹಿಡಿದು ಮತ್ತೆ ಒಳಗೆ ಎಳೆದೊಯ್ದಳು. ಈ ಸಲ ಡಾಕ್ಟರಮ್ಮನಿಗೆ ಎಲ್ಲ ನಾನೇ ಹೇಳಿದೆ. ಅವರು ಬೈಯಲಿಲ್ಲ. ಔಷಧ ಬರೆದು, ತಾಯಿ ಮಗು ಇಬ್ಬರನ್ನೇ ಒಂಟಿಯಾಗಿ ಬಿಡಬೇಡಿ, ಬೇರೆ ಮಾಡಲೂ ಬೇಡಿ ಎಂದರು.

ಹಿಂತಿರುಗುವ ಆಟೊದಲ್ಲಿ ಅವ್ವ ಕೂಸನ್ನು ನನ್ನ ಕೈಗೆ ಕೊಟ್ಟಳು. ಬೇಡ ಎಂದೆ. ಅವಳು ತನ್ನೆರಡು ಕೈಗಳನ್ನು ನನ್ನ ಕೈಗಳ ಕೆಳಗೆ ಇಟ್ಟು, ಊರು ಬರುವ ತನಕ ತೆಗೆಯಲಿಲ್ಲ.