ಡಬ್ಬಿಯ ಮೇಲೆ ಬರೆಯದ ನಂಬರು

ಹವ್ಯಾಸಿ ರೇಡಿಯೊ ಎಂದರೆ ಗುರುತಿಲ್ಲದವರ ಜೊತೆ ಮಾತಾಡುವ ಹವ್ಯಾಸ. ನನಗೋ ಗುರುತಿದ್ದವರ ಜೊತೆ ಮಾತಾಡುವುದೇ ಕಷ್ಟ. ಆದರೂ ಪರೀಕ್ಷೆ ಬರೆದು ಲೈಸೆನ್ಸ್ ಪಡೆದೆ. ಪರೀಕ್ಷೆಗಳನ್ನು ಪಾಸು ಮಾಡುವುದು ನನಗೆ ಅಭ್ಯಾಸವಾಗಿತ್ತು; ಪಾಸಾದ ಮೇಲೆ ಏನು ಮಾಡಬೇಕೆಂದು ನಾನು ಯಾವಾಗಲೂ ಆಮೇಲೆ ಯೋಚಿಸುತ್ತೇನೆ.

ಗದಗ-ಬೆಟಗೇರಿಯ ನಮ್ಮ ಪುಟ್ಟ ಕ್ಲಬ್ಬಿನವರು ದಿನಾ ಸಂಜೆ ರೇಡಿಯೊದಲ್ಲಿ ಸೇರಿ ಹರಟುತ್ತಿದ್ದರು. ನನ್ನ ಸರದಿ ಬಂದಾಗ ಗುಂಡಿ ಒತ್ತಿ, "ಎಲ್ಲ ಸರಿಯಿದೆ" ಎಂದು ಬಿಟ್ಟುಬಿಡುತ್ತಿದ್ದೆ. ಬೆಟಗೇರಿಯಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿದ್ದ ಕ್ಲಬ್ಬಿನ ಹಿರಿಯರು ಒಮ್ಮೆ ಎಲ್ಲರೆದುರೇ ಕೇಳಿದರು: "ತಂಗಿ, ನಿನ್ನ ಮಾತೇನ್ ರೇಷನ್ನಿನ್ಯಾಗ ಬರ್ತಾವೇನು? ಇನ್ನೊಂದ್ ನಾಕು ಆಡು!"

ಕ್ಲಬ್ಬಿನವರು ಹಾರಿಸಲು ಹೊರಟ ಬಲೂನು ಬಂದು ನನ್ನನ್ನು ಉಳಿಸಿತು. ಥರ್ಮಾಕೋಲ್ ಡಬ್ಬಿಯೊಳಗೆ ಒಂದು ಕ್ಯಾಮೆರಾ, ತಾನಿರುವ ಜಾಗವನ್ನು ಆಗಾಗ ರೇಡಿಯೊದಲ್ಲಿ ಸಾರುವ ಒಂದು ಟ್ರಾನ್ಸ್‌ಮಿಟರ್. ಮೇಲೆ ಪ್ಯಾರಾಶೂಟು, ಅದರ ಮೇಲೆ ಬಲೂನು. ವಿಮಾನಗಳಿಗಿಂತ ಎತ್ತರ ಹೋಗಿ ಬಲೂನು ಒಡೆಯುತ್ತದೆ, ಡಬ್ಬಿ ತೇಲುತ್ತ ಇಳಿಯುತ್ತದೆ, ನಾವು ಬೆನ್ನುಹತ್ತಿ ಹೋಗಿ ಹುಡುಕುತ್ತೇವೆ. ಮಾತಾಡುವುದೆಲ್ಲ ಡಬ್ಬಿಯ ಕೆಲಸ. ನಾನು ಸುಮ್ಮನೆ ಕುಳಿತು ಬೆಸುಗೆ ಹಾಕಿದರೆ ಸಾಕು, ಸಂಜೆಯ ಹರಟೆಯಿಂದಲೂ ವಿನಾಯಿತಿ.

ಮೊದಲನೆಯ ಡಬ್ಬಿ ಸಿಗಲೇ ಇಲ್ಲ. ಎರಡನೆಯದನ್ನು ಕಟ್ಟುವಾಗ ಹಿರಿಯರು ಹೇಳಿದರು: "ಇದೂ ಹೋತಂದ್ರ ಬಲೂನ್ ಸಾಕು. ಎಲ್ಲಾರೂ ಕೂಡಿ ಚೆಂದಂಗ ಮಾತಾಡ್ಕೋತ ಇರೋಣು." ಉಳಿದವರಿಗೆ ಇದು ಖರ್ಚಿನ ಮಾತು. ನನಗೆ ಶಿಕ್ಷೆಯ ತೀರ್ಪು.

ಅಷ್ಟಿದ್ದೂ ಡಬ್ಬಿಯ ಮೇಲೆ ನನ್ನ ಫೋನ್ ನಂಬರು ಬರೆಯಲಿಲ್ಲ. ಯಾರಾದರೂ ಫೋನ್ ಮಾಡಿಬಿಟ್ಟರೆ? ನನ್ನ ಕಾಲ್‌ಸೈನ್ ಬರೆದೆ. ಲೈಸೆನ್ಸ್ ಇದ್ದವರಿಗೆಲ್ಲ ಸರಕಾರ ಕೊಡುವ, ನಾಲ್ಕಾರು ಅಕ್ಷರ-ಅಂಕಿಗಳ ಗುರುತು ಅದು. ಅದೊಂದಿದ್ದರೆ ಜಗತ್ತಿನ ಯಾವ ರೇಡಿಯೊ ಹವ್ಯಾಸಿಯೂ ನನ್ನನ್ನು ಪತ್ತೆಹಚ್ಚಬಲ್ಲ. ಡಬ್ಬಿ ಹವ್ಯಾಸಿಯೊಬ್ಬನ ಅಂಗಳಕ್ಕೇ ಬೀಳುತ್ತದೆಂದು ನಾನು ಯಾವ ಧೈರ್ಯದ ಮೇಲೆ ನಂಬಿದ್ದೆನೋ.

ಲಕ್ಷ್ಮೇಶ್ವರದ ಹೊರಗಿನ ಬಯಲಿನಿಂದ ಬೆಳಿಗ್ಗೆ ಬಲೂನು ಬಿಟ್ಟೆವು. ಶಿರಹಟ್ಟಿ ದಾಟಿ ಮುಂಡರಗಿಯ ಕಡೆ ತೇಲಿತು. ಹಿರಿಯರ ಹಳೆಯ ಕಾರಿನಲ್ಲಿ ನಾವಿಬ್ಬರು ಬೆನ್ನುಹತ್ತಿದೆವು. ಹಮ್ಮಿಗಿಯ ಹತ್ತಿರ ಡಬ್ಬಿ ನೆಲಕ್ಕಿಳಿಯುತ್ತಿದ್ದಂತೆ ಸಿಗ್ನಲ್ ನಿಂತಿತು. ರೇಡಿಯೊ ಕೊನೆಯ ಜಾಗವೆಂದು ತೋರಿಸಿದಲ್ಲಿ ಆಳೆತ್ತರದ ಜೋಳ. ಮಧ್ಯಾಹ್ನವೆಲ್ಲ ಅದರೊಳಗೆ ನುಗ್ಗಾಡಿದೆವು. ಗರಿ ಕೊಯ್ದು ಮುಂಗೈಗಳು ಕೆಂಪಾದವು, ಡಬ್ಬಿ ಕಾಣಲಿಲ್ಲ.

ಊರೊಳಗೆ ಬಂದಾಗ ಉಳ್ಳಾಗಡ್ಡಿ ಮಾರುವ ಆಟೋ ಒಂದು ಮೈಕಿನಲ್ಲಿ ಕೂಗುತ್ತ ನಿಂತಿತ್ತು. ಹಿರಿಯರು ನಮ್ಮ ಕಷ್ಟ ಹೇಳಿದ್ದೇ ತಡ, ಆಟೋದವನು ಮೈಕನ್ನು ನನ್ನ ಕೈಗೆ ತುರುಕಿದ.

"ನೀವ ಹೇಳ್ರಿ ಅಕ್ಕಾರ. ಹೆಣ್ಮಕ್ಕಳ ದನಿಗೆ ಮಂದಿ ಜಲ್ದಿ ಹೊರಗ ಬರ್ತಾರ."

ನಾನು ಹಿರಿಯರ ಮುಖ ನೋಡಿದೆ. ಅವರು ಕಾರಿನ ಗಾಲಿಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದರು.

"ಸಾರ್ವಜನಿಕರ ಗಮನಕ್ಕೆ," ಎಂದು ಶುರು ಮಾಡಿದೆ. "ವೈಜ್ಞಾನಿಕ ಉದ್ದೇಶದ ಬಿಳಿಯ ಪೆಟ್ಟಿಗೆಯೊಂದು ತಮ್ಮ ಪರಿಸರದಲ್ಲಿ..."

ಕಟ್ಟೆಯ ಮೇಲಿನ ಅಜ್ಜಿಯೊಬ್ಬರು ಕೂಗಿದರು: "ಕಿಲೋಕ್ಕ ಎಷ್ಟ ಬೇ?"

"ಏನೂ ಮಾರಾಕತ್ತಿಲ್ಲರಿ."

"ಮತ್ಯಾಕ ಒದರಾಕತ್ತಿ?"

ಮೈಕು ಚಾಲೂ ಇತ್ತು. ಇದನ್ನೂ ಊರು ಕೇಳಿತು. ಕಡೆಗೆ ಪುಸ್ತಕದ ಭಾಷೆ ಬಿಟ್ಟು, ಆಕಾಶದಾಗಿಂದ ನಮ್ಮ ಡಬ್ಬಿ ಬಿದ್ದೈತಿ, ಕಂಡವರು ಫೋನ್ ಮಾಡ್ರಿ ಎಂದೆ. ನಂಬರು ಹೇಳದೆ ಗತ್ಯಂತರವಿರಲಿಲ್ಲ. ಹೇಳಿದೆ. ಆಟೋದವನಿಗೆ ಅದು ಸಪ್ಪೆಯೆನಿಸಿರಬೇಕು. ಮೈಕು ಇಸಿದುಕೊಂಡು ಉಳ್ಳಾಗಡ್ಡಿಯ ದರ ಕೂಗುವ ರಾಗದಲ್ಲೇ ನನ್ನ ನಂಬರನ್ನು ಓಣಿ ಓಣಿಗೂ ಮುಟ್ಟಿಸಿದ.

ತಲೆಯ ಮೇಲೆ ಸೆರಗು ಹೊದ್ದ ಹೆಂಗಸೊಬ್ಬರು ಎದುರು ಮನೆಯ ಬಾಗಿಲಿಗೆ ಬಂದರು. "ಆ ಡಬ್ಬಿ ನಿಂದೇನು? ನಮ್ಮ ಹೊಲದಾಗ ಬಿದ್ದಿತ್ತು. ಮ್ಯಾಲ ಗಾಡಿ ನಂಬರ್ ಬರ್ದೈತಿ ಅಂತ ನಮ್ಮನಿಯವರು ಬಸ್‌ಸ್ಟ್ಯಾಂಡಿನ್ಯಾಗ ನಿಂತು ಬರೋ ಹೋಗೋ ಲಾರಿ ಎಲ್ಲಾ ನೋಡಾಕತ್ತಾರ."

ನನ್ನ ಜಗತ್ಪ್ರಸಿದ್ಧ ಕಾಲ್‌ಸೈನ್! ಅಂಗಳದ ಹಗ್ಗದ ಮೇಲೆ ನಮ್ಮ ಪ್ಯಾರಾಶೂಟು ಒಗೆದು ಒಣಹಾಕಿದ್ದು ಕಾಣುತ್ತಿತ್ತು.

"ನಂದ ಐತ್ರಿ. ಕೊಡ್ರಿ."

"ಯಾರರೆ ಬಂದು ನಂದು ಅಂದ್ರ ಕೊಟ್ಟಬಿಡೋದೇನು? ತಡಿ." ಈಗಷ್ಟೇ ಕೇಳಿದ ನಂಬರನ್ನು ತಮ್ಮ ಫೋನಿನಲ್ಲಿ ಒತ್ತಿ, ಕಿವಿ ನನ್ನ ಕಡೆ ಮಾಡಿ ನಿಂತರು. ಏನೂ ಕೇಳಲಿಲ್ಲ. "ರಿಂಗ್ ಆಗವಲ್ದು. ಸುಳ್ಳ ನಂಬರ್ ಹೇಳಿದಿ ನೋಡು!"

ನನ್ನ ಫೋನು ಬ್ಯಾಗಿನ ತಳದಲ್ಲಿತ್ತು, ಎಂದಿನಂತೆ ಸದ್ದು ಬಂದ್ ಮಾಡಿದ್ದೆ. ಅದನ್ನು ತಡಕಾಡಿ ಕೈಗೆತ್ತಿಕೊಳ್ಳುವಷ್ಟರಲ್ಲಿ ಕರೆ ನಿಂತಿತ್ತು. "ಇನ್ನೊಮ್ಮೆ ಮಾಡ್ರಿ," ಎಂದು ಬೇಡಿಕೊಂಡೆ. ಗುರುತಿಲ್ಲದವರನ್ನು ನನಗೆ ಫೋನ್ ಮಾಡಿರೆಂದು ಬೇಡಿಕೊಂಡದ್ದು ಅದೇ ಮೊದಲು. ಪರದೆ ಬೆಳಗಿತು. ಅದರ ಮೇಲೆ ಮೂಡಿದ ತಮ್ಮ ನಂಬರನ್ನು ಅವರು ಅಂಕಿ ಅಂಕಿ ಹೋಲಿಸಿ ನೋಡಿದರು.

"ಖರೆ ಐತಿ. ಸದ್ದ ಬರದಿದ್ರ ಫೋನ್ ಯಾಕ ಇಟ್ಕೋಬೇಕ ಮಾರಾಯ್ತಿ?"

ಒಳಗಿಂದ ಡಬ್ಬಿ ತಂದು ಕೊಟ್ಟರು. ಒಂದು ಮೂಲೆ ಜಜ್ಜಿತ್ತು, ಅಷ್ಟೇ. ಹಿರಿಯರು ಆಗಲೇ ಕೈರೇಡಿಯೊ ಹಿಡಿದು ಕ್ಲಬ್ಬಿಗೆ ಖಬರು ಕೊಡುತ್ತಿದ್ದರು: "ಸಿಕ್ಕೈತಿ! ಮೂರನೇದ್ರ ತಯಾರಿ ಮಾಡ್ರಿ!" ಆಮೇಲೆ ಅದನ್ನು ನನ್ನತ್ತ ಚಾಚಿದರು. "ತಗೋ, ನೀನೂ ಒಂದ್ ಮಾತ ಹೇಳು. ಮೈಕಿನ್ಯಾಗ ಭಾಳ ಚೊಲೋ ಮಾತಾಡಿದಿ."

ನಾನು ಗದ್ದದಿಂದ ಡಬ್ಬಿಯನ್ನು ತೋರಿಸಿದೆ: ಎರಡೂ ಕೈ ತುಂಬಿವೆಯಲ್ಲ. ಡಬ್ಬಿಯೇನೋ ಒಂದೇ ಕೈಯಲ್ಲಿ ಹಿಡಿಯುವಷ್ಟು ಹಗುರಾಗಿತ್ತು.